ಧ್ವನಿಗ್ರಾಹಕಕ್ಕೆ ವಿದ್ಯುತ್ತಿನ ಉಣಿಸು

ಮನೆಯ ಹಿರಿಯರ ಹಾಡನ್ನೋ ಮಾತನ್ನೋ ಹಿಡಿದಿಡಬೇಕೆಂಬ ಹಂಬಲವು ಈಗ ಕೊಡಗಿನ ಅನೇಕ ಗೃಹಸ್ಥರಲ್ಲಿ ಮೂಡಿರುವುದು ಸಂತೋಷದ ಸಂಗತಿ. ಅದಕ್ಕೆಂದು ಒಳ್ಳೆಯ ಮೈಕ್ರೊಫೋನೊಂದನ್ನು ಹಣಕೊಟ್ಟು ತರುವವರೂ ಉಂಟು. ಆದರೆ ತಂದ ಮೈಕು ಉಸಿರೆತ್ತದೆ, ಒಂದು ವಾರ ಎಲ್ಲರಿಂದಲೂ ಬೈಸಿಕೊಂಡು, ಕೊನೆಗೆ ಕಪಾಟಿನ ಮೂಲೆಯನ್ನು ಸೇರಿದ ಮನೆಗಳನ್ನು ನಾವು ಹಲವು ಕಂಡಿದ್ದೇವೆ. ಯಂತ್ರದಲ್ಲಿ ದೋಷವಿದ್ದುದು ಅಪರೂಪ. ಅದಕ್ಕೆ ಊಟವಿಕ್ಕಿದವರೇ ಇರಲಿಲ್ಲ.

ಈ ವಿಷಯದಲ್ಲಿ ಪರರನ್ನು ಹಾಸ್ಯಮಾಡುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಹುತ್ತರಿಯ ದಿನಗಳಲ್ಲಿ ದಕ್ಷಿಣ ಕೊಡಗಿನ ಒಂದು ಐನ್‌ಮನೆಗೆ ನಾವು ಹೋಗಿದ್ದೆವು. ನಾಲ್ವರು ದುಡಿ ಹಿಡಿದು ಹಾಡುವವರಿದ್ದರು. ಅವರಲ್ಲಿ ಹಿರಿಯರಾದ ಅಜ್ಜನವರಿಗೆ ಎಂಬತ್ತು ಮೀರಿತ್ತು. ಆ ಮನೆತನದ ಹಾಡನ್ನು ಮೊದಲಿಂದ ಕೊನೆಯವರೆಗೆ ಬಲ್ಲವರು ಅವರೊಬ್ಬರೇ. ಉಳಿದ ಮೂವರು ಅವರ ಬಾಯನ್ನು ನೋಡಿ ಹಿಂದೆ ಹಿಂದೆ ಹಾಡುವವರು. ನಾವು ಹೊಸದಾಗಿ ಕೊಂಡಿದ್ದ ಕಂಡೆನ್ಸರ್ ಮೈಕನ್ನು ನಡುಮನೆಯಲ್ಲಿ ನಿಲ್ಲಿಸಿ, ತಂತಿಯನ್ನು ಪೆಟ್ಟಿಗೆಗೆ ಸೇರಿಸಿ, ಪೆಟ್ಟಿಗೆಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ಬಹಳ ಗಂಭೀರವಾಗಿ ಕುಳಿತೆವು. ಅಜ್ಜನವರು ಗಂಟಲು ಸರಿಮಾಡಿಕೊಂಡು ಮೊದಲ ಸಾಲನ್ನು ಎತ್ತುವಷ್ಟರಲ್ಲಿ ಕರೆಂಟು ಹೋಯಿತು. ಮನೆಯ ಇನ್ವರ್ಟರು ದೀಪಗಳಿಗೆ ಮಾತ್ರ. ಆ ಸಾಕೆಟ್ಟಿಗೆ ಅದರ ಸಂಬಂಧವಿರಲಿಲ್ಲ. ದೀಪ ಉರಿಯಿತು, ಮೈಕು ಸತ್ತಿತು.

ಅಜ್ಜನವರು ಅರ್ಧ ಗಂಟೆ ತಾಳ್ಮೆಯಿಂದ ಕಾದರು. ಆಮೇಲೆ, "ಇಷ್ಟು ದೊಡ್ಡ ಯಂತ್ರಕ್ಕೆ ಕರೆಂಟೂ ಬೇಕೇನಪ್ಪಾ? ನಮ್ಮ ದುಡಿಗೆ ನೋಡು, ಒಲೆಯ ಬಿಸಿ ಸ್ವಲ್ಪ ತೋರಿಸಿದರೆ ಸಾಕು" ಎಂದು ನಕ್ಕು, ಹಾಡಿಯೇಬಿಟ್ಟರು. ನಾವು ಗತಿಯಿಲ್ಲದೆ ಕೈಯಲ್ಲಿದ್ದ ಮೊಬೈಲಿನಲ್ಲಿ ಹಿಡಿದೆವು. ಮೊಬೈಲು ಶಬ್ದದ ಏರಿಳಿತವನ್ನು ತಾನೇ ಸರಿಪಡಿಸಲು ಹೋಗುವ ಯಂತ್ರ. ದುಡಿಯ ಪೆಟ್ಟು ಬಿದ್ದಾಗಲೆಲ್ಲ ಅದು ಬೆಚ್ಚಿ ಕಿವಿಯನ್ನು ಮುಚ್ಚಿಕೊಳ್ಳುತ್ತದೆ, ಆ ಕ್ಷಣದಲ್ಲಿ ಹಾಡುವವನ ಮಾತೂ ಅಡಗಿಹೋಗುತ್ತದೆ. ಮುಂದಿನ ಹುತ್ತರಿಗೆ ಸರಿಯಾದ ಸಿದ್ಧತೆಯೊಡನೆ ಬರುತ್ತೇವೆಂದು ಹೇಳಿ ಬಂದೆವು. ಮುಂದಿನ ಹುತ್ತರಿಗೆ ಅಜ್ಜನವರು ಇರಲಿಲ್ಲ. ಆ ಮನೆಯ ಹಾಡಿನಲ್ಲಿ ದುಡಿಯ ಪೆಟ್ಟಿನಡಿ ಮುಳುಗಿಹೋದ ಮಾತುಗಳು ಯಾವುವೆಂದು ಈಗ ಹೇಳುವವರಿಲ್ಲ.

ನಷ್ಟವು ಸಣ್ಣದೆಂದು ಯಾರೂ ತಿಳಿಯಬಾರದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಊರೂರುಗಳಿಂದ ಕೂಡಿಸಿ, ಕನ್ನಡ ಲಿಪಿಯಲ್ಲಿ ಬರೆದು, 'ಪಟ್ಟೋಲೆ ಪಳಮೆ' ಎಂಬ ಹೆಸರಿನಿಂದ ೧೯೨೪ರಲ್ಲಿ ಪ್ರಕಟಿಸಿದರು. ಆ ಮಹನೀಯರ ದಯೆಯಿಂದ ಮಾತುಗಳು ಉಳಿದುವು. ಆದರೆ ಕಾಗದವು ದನಿಯನ್ನು ಹಿಡಿಯಲಾರದು. ಯಾವ ಅಕ್ಷರವನ್ನು ಎಳೆಯಬೇಕು, ದುಡಿ ಎಲ್ಲಿ ನಿಲ್ಲಬೇಕು, ಮುಂದಾಳು ಬಿಟ್ಟ ಸಾಲನ್ನು ಜತೆಯವರು ಎಲ್ಲಿ ಎತ್ತಿಕೊಳ್ಳಬೇಕು, ಇವೆಲ್ಲ ಬಾಯಿಂದ ಕಿವಿಗೆ ಮಾತ್ರ ಬಂದುವು. ೨೦೦೧ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಸಿದವರು ೧,೬೬,೧೮೭ ಮಂದಿ. ೨೦೧೧ರಲ್ಲಿ ೧,೧೩,೮೫೭ ಮಂದಿ. ಯುನೆಸ್ಕೋ ಸಂಸ್ಥೆಯು ಈ ನುಡಿಯನ್ನು ಅಳಿವಿನಂಚಿನ ನುಡಿಗಳ ಪಟ್ಟಿಗೆ ಸೇರಿಸಿದೆ. ಅರೆಭಾಷೆಯ ಸೋಬಾನೆಗಳಿಗೂ, ಯರವರ ಮತ್ತು ಜೇನುಕುರುಬರ ಹಾಡುಗಳಿಗೂ ಇದಕ್ಕಿಂತ ಹೆಚ್ಚಿನ ಭದ್ರತೆಯೇನೂ ಇಲ್ಲ. ಆದಕಾರಣ ಮೈಕಿಗೆ ವಿದ್ಯುತ್ತು ಎಲ್ಲಿಂದ, ಎಷ್ಟು, ಹೇಗೆ ಎಂಬ ಒಣ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಮೈಕುಗಳ ಜಾತಿಯನ್ನು ತಿಳಿಯಬೇಕು. ಸಭೆಗಳಲ್ಲಿ, ದೇವಸ್ಥಾನಗಳಲ್ಲಿ, ಮದುವೆಯ ಮಂಟಪಗಳಲ್ಲಿ ಕೈಯಲ್ಲಿ ಹಿಡಿದು ಮಾತನಾಡುವ ತಂತಿಯ ಮೈಕು ಸಾಮಾನ್ಯವಾಗಿ ಡೈನಾಮಿಕ್ ಎಂಬ ಜಾತಿಯದು. ಅದರ ಒಳಗೆ ತೆಳುವಾದ ಪೊರೆಗೆ ಅಂಟಿಸಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಆಡುತ್ತಿರುತ್ತದೆ. ಮಾತಿನ ಗಾಳಿ ಪೊರೆಯನ್ನು ಅಲುಗಿಸಿದಾಗ ಸುರುಳಿಯಲ್ಲಿ ತಾನಾಗಿಯೇ ವಿದ್ಯುತ್ತು ಹುಟ್ಟುತ್ತದೆ. ಅದಕ್ಕೆ ಹೊರಗಿನಿಂದ ಏನೂ ಬೇಡ; ದುಡಿದು ತಿನ್ನುವ ಜೀವ. ಒರಟು, ಗಟ್ಟಿಮುಟ್ಟು, ಮಳೆಗೂ ಅಷ್ಟಾಗಿ ಅಂಜುವುದಿಲ್ಲ. ಆದರೆ ಕಿವಿ ಸ್ವಲ್ಪ ಮಂದ. ಮುದುಕರ ಕ್ಷೀಣವಾದ ದನಿಯನ್ನು ಮೂರು ಅಡಿಯ ದೂರದಿಂದ ಹಿಡಿಯೆಂದರೆ ಅದರಿಂದಾಗದು.

ಕಂಡೆನ್ಸರ್ ಮೈಕಿನ ಬಗೆಯೇ ಬೇರೆ. ಎದುರುಬದುರಾಗಿ ಎರಡು ತಟ್ಟೆಗಳು. ಹಿಂದಿನದು ಗಟ್ಟಿ, ಮುಂದಿನದು ಕೂದಲಿಗಿಂತಲೂ ಎಷ್ಟೋ ತೆಳುವಾದ ಪೊರೆ. ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಎಡೆ. ಈ ತಟ್ಟೆಗಳ ಮೇಲೆ ವಿದ್ಯುತ್ತಿನ ಆವೇಶವನ್ನು ತುಂಬಿಸಿಟ್ಟಾಗ, ಮಾತಿಗೆ ಪೊರೆ ಅಲುಗಿದಂತೆಲ್ಲ ಎಡೆಯು ಹೆಚ್ಚು ಕಡಮೆಯಾಗಿ, ವೋಲ್ಟೇಜು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಏರಿಳಿತವೇ ನಮಗೆ ಬೇಕಾದ ದನಿ. ಆವೇಶವನ್ನೇ ತುಂಬಿಸದಿದ್ದರೆ? ನೀರಿಲ್ಲದ ಕೊಡವನ್ನು ಎಷ್ಟು ಅಲುಗಿಸಿದರೇನು, ತುಳುಕುವುದೇನಿದೆ? ಇದು ಈ ಮೈಕಿನ ಮೊದಲನೆಯ ಹಸಿವು. ಎರಡನೆಯ ಹಸಿವೂ ಒಂದುಂಟು. ಹೀಗೆ ಹುಟ್ಟಿದ ಏರಿಳಿತವು ಎಷ್ಟು ನಿತ್ರಾಣವಾದುದೆಂದರೆ, ನಾಲ್ಕು ಮಾರು ತಂತಿಯನ್ನು ದಾಟುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಪೊರೆಯ ಬೆನ್ನಿಗೇ, ಮೈಕಿನ ಹೊಟ್ಟೆಯೊಳಗೆ, ಒಂದು ಪುಟ್ಟ ಆಂಪ್ಲಿಫೈಯರನ್ನು ಕೂರಿಸಿರುತ್ತಾರೆ. ಅದೂ ಉಣ್ಣಬೇಕು.

ಈ ಜಾತಿಯ ಮೈಕನ್ನು ಅಮೆರಿಕದ ಇ. ಸಿ. ವೆಂಟೆ ಎಂಬ ವಿಜ್ಞಾನಿ ೧೯೧೬ರಲ್ಲಿ ಕಂಡುಹಿಡಿದನು. ಜರ್ಮನಿಯ ನ್ಯೂಮನ್ ಕಂಪೆನಿಯು ೧೯೨೮ರಲ್ಲಿ ಇದನ್ನು ಮಾರಾಟಕ್ಕೆ ತಂದಾಗ ಅದು ಶೀಸೆಯ ಗಾತ್ರವಿದ್ದುದರಿಂದ ಜನ ಅದನ್ನು ಶೀಸೆಯೆಂದೇ ಕರೆದರು. ಒಳಗೆ ಉರಿಯುವ ವಾಲ್ವು, ಹೊರಗೆ ಅದಕ್ಕೆ ವಿದ್ಯುತ್ತು ಕೊಡುವ ಬೇರೊಂದು ಭಾರದ ಪೆಟ್ಟಿಗೆ, ನಡುವೆ ಹಲವು ಎಳೆಗಳ ದಪ್ಪ ತಂತಿ. ಹೀಗೆ ಅದೊಂದು ದೊಡ್ಡ ಸಂಸಾರ. ಅದಕ್ಕೂ ಹಿಂದೆ ದನಿ ಹಿಡಿಯಲು ವಿದ್ಯುತ್ತೇ ಬೇಕಿರಲಿಲ್ಲವೆಂಬುದನ್ನೂ ಮರೆಯಬಾರದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಎದುರಿಗಿದ್ದುದು ಬರಿಯ ಕಹಳೆ. ಆಕೆ ಮೈಸೂರಿನ ಆಶ್ರಯದಲ್ಲಿ ೧೯೩೦ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಹಳೆ ಹೋಗಿ ಮೈಕು ಬಂದಾಗಿತ್ತು. ಅದೇ ೧೯೦೨ರಲ್ಲಿ ನಮ್ಮ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕೊಡತೊಡಗಿದಳು. ತಲಕಾವೇರಿಯ ನೀರು ಅಷ್ಟು ದೂರ ಹೋಗಿ ದೀಪ ಹಚ್ಚಿತು; ತವರಿನ ಐನ್‌ಮನೆಯಲ್ಲಿ ಮಾತ್ರ ಹಾಡು ಎತ್ತುವಾಗ ಕರೆಂಟು ಹೋಗುತ್ತದೆ. ಹೆಣ್ಣುಮಕ್ಕಳ ರೀತಿಯೇ ಹಾಗೆ ಎಂದು ನಮ್ಮೊಡನಿದ್ದ ಹಿರಿಯರೊಬ್ಬರು ಅಂದರು. ಅವರ ಮಾತನ್ನು ಅವರ ಹೊಣೆಗೇ ಬಿಡುತ್ತೇವೆ.

ಮನೆಯಲ್ಲಿ ಮೈಕನ್ನಿಟ್ಟು ಲೋಕಕ್ಕೆ ದನಿ ಮುಟ್ಟಿಸಿದವರಲ್ಲಿ ಕನ್ನಡನಾಡಿನವರೇ ಒಬ್ಬರು ಸ್ಮರಣೀಯರಾಗಿದ್ದಾರೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಸ್ವಂತ ಮನೆಯಿಂದಲೇ, ೩೦ ವಾಟಿನ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಾನುಲಿಗೆ ನಿಂತದ್ದು ಆ ಮನೆಯಿಂದ. ಇಂದು ಮೂವತ್ತು ವಾಟೆಂದರೆ ಒಂದು ಹಳೆಯ ಬಲ್ಬಿಗೂ ಸಾಲದು. ಅಷ್ಟರಲ್ಲಿ ಅವರು ಒಂದು ಊರಿನ ಕಿವಿಯನ್ನು ತುಂಬಿದರು. ನಾವು ಹೇಳಹೊರಟಿರುವ ಮೈಕು ಉಣ್ಣುವುದು ಒಂದು ವಾಟಿನ ಅರ್ಧವನ್ನೂ ಮೀರುವುದಿಲ್ಲ. ಕಷ್ಟವಿರುವುದು ಉಣಿಸಿನ ಪ್ರಮಾಣದಲ್ಲಲ್ಲ, ಬಡಿಸುವ ಬಗೆಯಲ್ಲಿ.

ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದ ಮೇಲೆ ಆ ಭಾರದ ಪೆಟ್ಟಿಗೆಯನ್ನು ಬಿಟ್ಟುಬಿಡುವ ಉಪಾಯವು ಹೊಳೆಯಿತು. ದನಿಯನ್ನು ತರುವ ಎರಡು ಎಳೆಗಳ ಮೇಲೆಯೇ ವಿದ್ಯುತ್ತನ್ನೂ ಕಳುಹಿಸಿದರೆ ಹೇಗೆ? ಇದನ್ನು ನಮ್ಮ ಗದ್ದೆಯ ದೃಷ್ಟಾಂತದಿಂದ ತಿಳಿಯಬಹುದು. ಬೆಳೆ ಕಾಯುವವನು ರಾತ್ರಿ ಅಟ್ಟಣೆಯ ಮೇಲೆ ಕುಳಿತಿದ್ದಾನೆ. ಅವನಿಗೆ ಮನೆಯಿಂದ ಊಟ ಹೋಗುವುದು ಗದ್ದೆಯ ಬದುವಿನ ಮೇಲೆಯೇ. ಕಾಡುಹಂದಿ ಬಂತೆಂಬ ಸುದ್ದಿಯನ್ನು ಹೊತ್ತು ಹುಡುಗ ಓಡಿಬರುವುದೂ ಅದೇ ಬದುವಿನ ಮೇಲೆ. ಹೋಗುವ ಬುತ್ತಿಗೂ ಬರುವ ಸುದ್ದಿಗೂ ಘರ್ಷಣೆಯಿಲ್ಲ. ಮೈಕಿನ ತಂತಿಯಲ್ಲಿಯೂ ಹಾಗೆಯೇ. ಎರಡು ಎಳೆಗಳ ಮೇಲೂ ಸರಿಸಮನಾಗಿ ನಿಂತ ವೋಲ್ಟೇಜು ಹೋಗುತ್ತದೆ. ದನಿಯಾದರೋ ಆ ಎಳೆಗಳ ನಡುವಿನ ವ್ಯತ್ಯಾಸವಾಗಿ ಬರುತ್ತದೆ. ಎರಡರಲ್ಲಿಯೂ ಸಮವಾಗಿರುವುದನ್ನು ತಳ್ಳಿಬಿಟ್ಟು ವ್ಯತ್ಯಾಸವನ್ನು ಮಾತ್ರ ಎಣಿಸುವಂತೆ ಇತ್ತ ಕಡೆಯ ಯಂತ್ರವನ್ನು ಮಾಡಿದ್ದಾರೆ. ಮರಳುವ ದಾರಿ ತಂತಿಯ ಹೊರಗಿನ ಬಲೆ. ಕಣ್ಣಿಗೆ ಬೇರೆ ತಂತಿಯೇ ಕಾಣದುದರಿಂದ ಇದಕ್ಕೆ ಫ್ಯಾಂಟಮ್ ಪವರ್ ಎಂಬ ಹೆಸರು ಬಂದಿತು. ಭೂತದ ವಿದ್ಯುತ್ತೆಂದು ಕನ್ನಡಿಸಬಹುದು. ಕುಳಿಯ ಮೊದಲಾದವರ ತೆರೆಗಳನ್ನು ನೋಡಿ ಬೆಳೆದ ನಮ್ಮವರಿಗೆ ಈ ಭೂತ ಬಹಳ ಸಾಧುವೆಂದು ಕಂಡೀತು. ಅದಕ್ಕೆ ಕೋಳಿಯೂ ಬೇಡ, ನಡುರಾತ್ರಿಯ ಜಾಗರಣೆಯೂ ಬೇಡ.

ಈ ವೋಲ್ಟೇಜು ನಲವತ್ತೆಂಟೇ ಏಕಾಯಿತೆಂಬುದಕ್ಕೆ ಒಂದು ಸ್ವಾರಸ್ಯವಾದ ಕಥೆಯಿದೆ. ೧೯೬೬ರಲ್ಲಿ ನ್ಯೂಮನ್ ಕಂಪೆನಿಯವರು ನಾರ್ವೆ ದೇಶದ ಬಾನುಲಿಗಾಗಿ ಇಂಥ ಮೈಕನ್ನು ಮಾಡಿಕೊಡಬೇಕಾಯಿತು. ಚಳಿಗಾಲದಲ್ಲಿ ಹಗಲೇ ಕಿರಿದಾಗುವ ಆ ದೇಶದ ಸ್ಟುಡಿಯೋಗಳಲ್ಲಿ, ಕರೆಂಟು ಹೋದರೆ ದೀಪ ಉರಿಯಲೆಂದು ೪೮ ವೋಲ್ಟಿನ ಏರ್ಪಾಡೊಂದು ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿದರು. ಮುಂದೆ ಅದೇ ಅಂತರರಾಷ್ಟ್ರೀಯ ಕಟ್ಟಳೆಯಾಗಿ ನಿಂತಿತು. ಕತ್ತಲೆಗೆ ಹೆದರಿದವರ ಮುನ್ನೆಚ್ಚರಿಕೆಯಿಂದ ಹುಟ್ಟಿದ ಅಂಕೆ ಇದು. ನಾವಾದರೋ ಇನ್ವರ್ಟರನ್ನು ದೀಪಕ್ಕೆ ಮಾತ್ರ ಕಟ್ಟಿ ಮೈಕನ್ನು ಮರೆತವರು.

ಕಟ್ಟಳೆಯ ಪ್ರಕಾರ ೪೮ ವೋಲ್ಟಿನಿಂದ ೪ ವೋಲ್ಟು ಹೆಚ್ಚು ಕಡಮೆಯಾಗಬಹುದು. ಒಂದೊಂದು ಎಳೆಗೂ ೬,೮೦೦ ಓಮಿನ ರೆಸಿಸ್ಟರಿನ ಮೂಲಕ ವಿದ್ಯುತ್ತನ್ನು ಕೊಡಬೇಕು. ಮೈಕು ೧೦ ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯಕೂಡದು. ಲೆಕ್ಕದಲ್ಲಿ ಆಸಕ್ತಿಯಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇದನ್ನು ಕೊಡಬಹುದು: ಎರಡು ರೆಸಿಸ್ಟರುಗಳು ಜತೆಯಾಗಿ ೩,೪೦೦ ಓಮಿನಂತೆ ನಡೆದುಕೊಳ್ಳುತ್ತವೆ, ಮೈಕು ೪ ಮಿಲಿ ಆಂಪಿಯರನ್ನು ಎಳೆದರೆ ದಾರಿಯಲ್ಲಿಯೇ ೧೩.೬ ವೋಲ್ಟು ಕಳೆದು, ಅದರ ಬಾಯಿಗೆ ಸೇರುವುದು ೩೪.೪ ವೋಲ್ಟು. ಮೈಕು ಮಾಡುವವರು ಇದನ್ನು ಎಣಿಸಿಯೇ ಮಾಡಿರುತ್ತಾರೆ. ಮೂರು ಕಡ್ಡಿಯ ದುಂಡು ಪ್ಲಗ್ಗಿನಲ್ಲಿ ಒಂದನೆಯ ಕಡ್ಡಿ ಬಲೆಗೆ. ಎರಡು ಮೂರನೆಯವು ಆ ಎರಡು ಎಳೆಗಳಿಗೆ.

ಕಪಾಟು ಸೇರಿದ ಮೈಕುಗಳ ಗುಟ್ಟು ಈಗ ಹೊರಬೀಳುತ್ತದೆ. ಮೈಕಿನೊಡನೆ ಒಂದು ಕಡೆ ಮೂರು ಕಡ್ಡಿಯ ಪ್ಲಗ್ಗೂ ಇನ್ನೊಂದು ಕಡೆ ಮೊಬೈಲಿನ ಸಣ್ಣ ಪಿನ್ನೂ ಇರುವ ತಂತಿಯನ್ನು ಅಂಗಡಿಯವರು ಕೊಡುತ್ತಾರೆ. ಪಿನ್ನು ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಚೆನ್ನಾಗಿ ಕೂರುತ್ತದೆ. ಕೂತಮೇಲೆ ಹಾಡಬೇಕಷ್ಟೆ ಎಂದು ಮನೆಯವರು ನಂಬುತ್ತಾರೆ. ಆ ರಂಧ್ರದಿಂದ ಬರುವುದು ಎರಡರಿಂದ ಐದು ವೋಲ್ಟು. ನಲವತ್ತೆಂಟು ಬೇಡುವವನಿಗೆ ಐದು ಕೊಟ್ಟರೆ ಒಂದೋ ಅವನು ಏಳುವುದೇ ಇಲ್ಲ, ಇಲ್ಲವೇ ಎದ್ದು ಕ್ಷೀಣವಾದ ಒಡಕು ದನಿಯಲ್ಲಿ ಗೊಣಗುತ್ತಾನೆ. ಪಿನ್ನು ಕೂತಿತೆಂಬುದರಿಂದ ಉಣಿಸು ಸಿಕ್ಕಿತೆಂದು ಅರ್ಥವಲ್ಲ. ಅಂಗಿಯ ಕೊರಳಿಗೆ ಸಿಕ್ಕಿಸುವ ಸಣ್ಣ ಮೈಕು ಮಾತ್ರ ಈ ಎರಡು ಮೂರು ವೋಲ್ಟಿನಿಂದಲೇ ತೃಪ್ತಿಪಡುತ್ತದೆ. ಅದು ಎಲೆಕ್ಟ್ರೆಟ್ ಎಂಬ ಬಗೆಯದು. ೧೯೬೨ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ, ವಿದ್ಯುತ್ತಿನ ಆವೇಶವನ್ನು ತನ್ನ ಮೈಯಲ್ಲಿ ಬಹುಕಾಲ ಹಿಡಿದಿಟ್ಟುಕೊಳ್ಳುವ ತೆಳು ಹಾಳೆಯಿಂದ ಈ ಮೈಕನ್ನು ಮಾಡಿದರು. ಮೊದಲನೆಯ ಹಸಿವು ಅಲ್ಲಿಗೆ ತೀರಿತು. ಒಳಗಿನ ಪುಟ್ಟ ಆಂಪ್ಲಿಫೈಯರಿಗೆ ಮಾತ್ರ ಅಷ್ಟಿಷ್ಟು ಬೇಕು. ಕೆಲವಕ್ಕೆ ಗುಂಡಿಯಂಥ ಸೆಲ್ಲು, ಕೆಲವಕ್ಕೆ ಒಂದು ಪೆನ್ಸಿಲ್ ಸೆಲ್ಲು. ಅಜ್ಜಿಯೊಬ್ಬರು ಕುಳಿತು ಕಥೆ ಹೇಳುವುದಾದರೆ ಇದೇ ಸಾಕು. ಎದುರಿಗೆ ಕಬ್ಬಿಣದ ಕಂಬವಿಲ್ಲದುದರಿಂದ ಅವರ ಸಂಕೋಚವೂ ಬಿಡುತ್ತದೆ. ಕೆಲಸವಾದಮೇಲೆ ಅದರ ಗುಂಡಿಯನ್ನು ಆರಿಸಲು ಮರೆತರೆ ಸೆಲ್ಲು ವ್ಯರ್ಥವಾಗಿ ಸವೆಯುತ್ತದೆ. ಯು.ಎಸ್.ಬಿ. ತಂತಿಯುಳ್ಳ ಮೈಕುಗಳು ಕಂಪ್ಯೂಟರಿನ ೫ ವೋಲ್ಟಿನಿಂದಲೇ ತಮಗೆ ಬೇಕಾದುದನ್ನು ಒಳಗೇ ಬೇಯಿಸಿಕೊಳ್ಳುತ್ತವೆ; ಅವುಗಳ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ.

ಇನ್ನು ಕರೆಂಟನ್ನು ನಂಬದೆ ೪೮ ವೋಲ್ಟನ್ನು ಒದಗಿಸುವ ಬಗೆ. ಎಲ್ಲಕ್ಕಿಂತ ಸುಲಭವಾದುದು, ತಾನೇ ಈ ವೋಲ್ಟೇಜನ್ನು ಕೊಡುವ, ಕೈಯಲ್ಲಿ ಹಿಡಿಯುವ ರೆಕಾರ್ಡರು. ಪೆನ್ಸಿಲ್ ಸೆಲ್ಲುಗಳ ಮೇಲೆ ನಡೆಯುತ್ತದೆ. ಆದರೆ ಮೈಕಿಗೂ ಅದೇ ಉಣಿಸಬೇಕಾದಾಗ ಸೆಲ್ಲುಗಳು ಬೇಗ ಸೋಲುತ್ತವೆ. ಎರಡು ಜತೆ ಹೆಚ್ಚಿಗೆ ಇರಲಿ. ಬೆಲೆ ಮಾತ್ರ ಹಗುರವಲ್ಲ.

ಎರಡನೆಯದು ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆ. ಅನೇಕರ ಬಳಿ ಇದು ಈಗಾಗಲೇ ಇರುತ್ತದೆ. ಕಂಪ್ಯೂಟರಿನ ೫ ವೋಲ್ಟನ್ನು ತೆಗೆದುಕೊಂಡು, ಒಳಗಿನ ಪರಿವರ್ತಕದಿಂದ ೪೮ಕ್ಕೆ ಏರಿಸಿ ಮೈಕಿಗೆ ಕೊಡುತ್ತದೆ. ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲಿದ್ದರೆ ಗೋಡೆಯ ಕರೆಂಟಿನ ಹಂಗೇ ಇಲ್ಲ. ಇನ್ನೂ ಒಂದು ಲಾಭವುಂಟು. ಚಾರ್ಜರನ್ನು ಕಿತ್ತೊಡನೆ, ಅದುವರೆಗೆ ಹಿನ್ನೆಲೆಯಲ್ಲಿ ದುಂಬಿಯಂತೆ ಮೊರೆಯುತ್ತಿದ್ದ ಸದ್ದು ಅನೇಕ ವೇಳೆ ತಾನಾಗಿಯೇ ನಿಂತುಹೋಗುತ್ತದೆ. ಅಗ್ಗದ ಇನ್ವರ್ಟರುಗಳಿಂದ ಈ ಮೊರೆತ ಇಮ್ಮಡಿಯಾಗುವುದನ್ನು ನಾವು ಕೇಳಿದ್ದೇವೆ. ಅವುಗಳ ವಿದ್ಯುತ್ತು ಅಲೆಯಂತೆ ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆದಕಾರಣ ಕರೆಂಟು ಇದ್ದ ದಿನವೂ ಹಾಡು ಹಿಡಿಯುವಾಗ ಬ್ಯಾಟರಿಯನ್ನೇ ಬಳಸುವುದು ನಮ್ಮ ಪದ್ಧತಿ. ಇಂಟರ್‌ಫೇಸನ್ನು ಮೊಬೈಲಿಗೆ ಸೇರಿಸಿ ಪವರ್ ಬ್ಯಾಂಕಿನಿಂದ ಉಣಿಸುವವರೂ ಇದ್ದಾರೆ. ೧೦,೦೦೦ ಮಿಲಿ ಆಂಪಿಯರ್ ಗಂಟೆಯ ಪವರ್ ಬ್ಯಾಂಕಿನಲ್ಲಿ ಸುಮಾರು ೩೭ ವಾಟ್ ಗಂಟೆಯ ಶಕ್ತಿಯಿರುತ್ತದೆ. ಪರಿವರ್ತನೆಯ ನಷ್ಟವನ್ನು ಕಳೆದು ಮೂವತ್ತೆಂದೆಣಿಸಿದರೂ, ಎರಡೂವರೆ ವಾಟು ಉಣ್ಣುವ ಪೆಟ್ಟಿಗೆಯನ್ನು ಹನ್ನೆರಡು ಗಂಟೆ ಸಾಕಬಹುದು. ಹುತ್ತರಿಯ ಹಾಡು ಎಷ್ಟೇ ಉದ್ದವಾದರೂ ಅಷ್ಟಾಗದು. ಕೆಲವು ಪವರ್ ಬ್ಯಾಂಕುಗಳು ಎಳೆತ ಕಡಮೆಯಾದರೆ ಮೊಬೈಲು ತುಂಬಿತೆಂದು ಭ್ರಮಿಸಿ ತಾವಾಗಿ ಆರಿಹೋಗುತ್ತವೆ. ಮನೆಯಲ್ಲಿ ಒಂದು ಗಂಟೆ ಪರೀಕ್ಷಿಸಿಯೇ ಹೊರಡತಕ್ಕದ್ದು.

ಮೂರನೆಯದು ನಮಗೆ ಅಚ್ಚುಮೆಚ್ಚಿನದು, ಐದು ಬ್ಯಾಟರಿಯ ಡಬ್ಬಿ. ಚೌಕನೆಯ ೯ ವೋಲ್ಟಿನ ಬ್ಯಾಟರಿಗಳು ಐದನ್ನು ಒಂದರ ಬಾಲಕ್ಕೆ ಒಂದರ ತಲೆಯಂತೆ ಸೇರಿಸಿದರೆ ೪೫ ವೋಲ್ಟು. ಕಟ್ಟಳೆಯ ಮಿತಿಯೊಳಗೇ ಇದೆ. ಇದರ ಧನ ತುದಿಯಿಂದ ಎರಡು ೬,೮೦೦ ಓಮಿನ ರೆಸಿಸ್ಟರುಗಳ ಮೂಲಕ ಎರಡನೆಯ ಮತ್ತು ಮೂರನೆಯ ಕಡ್ಡಿಗಳಿಗೆ, ಋಣ ತುದಿಯಿಂದ ಒಂದನೆಯ ಕಡ್ಡಿಗೆ ತಂತಿ. ದನಿ ರೆಕಾರ್ಡರಿಗೆ ಹೋಗುವ ಕಡೆ ಎಳೆಗೊಂದರಂತೆ, ೬೩ ವೋಲ್ಟನ್ನು ತಾಳುವ ಎರಡು ಕೆಪಾಸಿಟರುಗಳನ್ನು ಅಡ್ಡ ಹಾಕಬೇಕು. ಅವು ನಿಂತ ವೋಲ್ಟೇಜನ್ನು ತಡೆದು ದನಿಯನ್ನು ಮಾತ್ರ ಬಿಡುತ್ತವೆ. ರೆಸಿಸ್ಟರುಗಳೆರಡೂ ಅವಳಿಗಳಂತಿರಬೇಕು, ನೂರಕ್ಕೆ ೦.೪ಕ್ಕಿಂತ ಹೆಚ್ಚು ಅಂತರವಿರಕೂಡದು, ಇದ್ದರೆ ಮೊರೆತ ನುಸುಳುತ್ತದೆ. ರೇಡಿಯೋ ರಿಪೇರಿ ಬಲ್ಲ ಯಾರಾದರೂ ಒಂದು ಸಂಜೆಯಲ್ಲಿ ಇದನ್ನು ಬೆಸುಗೆ ಹಾಕಿಕೊಡಬಹುದು. ಬ್ಯಾಟರಿಗಳು ತಲಾ ೮.೮ ವೋಲ್ಟಿಗೆ ಇಳಿದಾಗ ಮೊತ್ತ ೪೪ಕ್ಕೆ ಬರುತ್ತದೆ. ಅನೇಕ ಮೈಕುಗಳು ಅದರ ಕೆಳಗೂ ದುಡಿಯುತ್ತವೆ. ಆದರೆ ಜೋರಾದ ಸದ್ದನ್ನು ತಾಳುವ ಶಕ್ತಿ ಕುಗ್ಗುತ್ತದೆ, ದುಡಿಯ ಪೆಟ್ಟು ಒಡೆದು ಕೇಳಿಸುತ್ತದೆ. ೯ ವೋಲ್ಟಿನಿಂದ ೫೨ರವರೆಗೆ ಯಾವುದಾದರೂ ಆದೀತೆಂದು ಕೆಲವು ಮೈಕುಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಅಂಥವಕ್ಕೆ ಎರಡು ಬ್ಯಾಟರಿಯ ಡಬ್ಬಿಯೇ ಸಾಕು. ಗೋಡೆಯ ಕರೆಂಟಿನಿಂದ ನಡೆಯುವ ಅಡಾಪ್ಟರನ್ನು ಬಿಚ್ಚಿ ಪ್ರಯೋಗಮಾಡುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬಾರದು. ೪೮ ವೋಲ್ಟು ಬೇರೆ, ೨೩೦ ಬೇರೆ.

ಯಾವ ದಾರಿಯಿಂದ ಉಣಿಸಿದರೂ ಒಂದು ಕ್ರಮವಿದೆ. ದನಿಯ ತಿರುಗಣಿಯನ್ನು ಪೂರಾ ಇಳಿಸಿ, ಮೈಕನ್ನು ಸಿಕ್ಕಿಸಿ, ಆಮೇಲೆ ೪೮ ಎಂದು ಬರೆದ ಗುಂಡಿಯನ್ನು ಒತ್ತುವುದು. ಕೆಲವು ಸೆಕೆಂಡು ತಾಳಿ ದನಿಯನ್ನು ಏರಿಸುವುದು. ತೆಗೆಯುವಾಗ ಮೊದಲು ಗುಂಡಿಯನ್ನು ಆರಿಸಿ, ಅರ್ಧ ನಿಮಿಷ ಕಳೆದು ತಂತಿಯನ್ನು ಕೀಳುವುದು. ಡೈನಾಮಿಕ್ ಮೈಕಿಗೆ ಸರಿಯಾದ ತಂತಿಯಿದ್ದಲ್ಲಿ ೪೮ ವೋಲ್ಟಿನಿಂದ ಅಪಾಯವಿಲ್ಲ. ಹಳೆಯ ರಿಬ್ಬನ್ ಮೈಕೇನಾದರೂ ಮನೆಯಲ್ಲಿದ್ದರೆ ಆ ಗುಂಡಿಯ ಹತ್ತಿರಕ್ಕೂ ಅದನ್ನು ತರಬೇಡಿರಿ.

ಕೊಡಗಿನಲ್ಲಿ ಈ ಮೈಕಿಗೆ ಕರೆಂಟಿನ ಕೊರತೆಗಿಂತಲೂ ದೊಡ್ಡ ಶತ್ರು ತೇವ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲ್ಲಿಮೀಟರಿಗೆ ಮಿಕ್ಕಿ ಮಳೆ. ಚಪ್ಪಲಿಯಿಂದ ಹಿಡಿದು ದೇವರ ಪಟದವರೆಗೆ ಬೂಷ್ಟು ಹಿಡಿಯುವ ತಿಂಗಳುಗಳಲ್ಲಿ, ಆ ಕೂದಲೆಳೆಯ ಎಡೆಯೊಳಗೆ ತೇವ ಕೂತರೆ ತುಂಬಿಸಿಟ್ಟ ಆವೇಶವೆಲ್ಲ ಸೋರಿಹೋಗುತ್ತದೆ. ಆಗ ಒಗ್ಗರಣೆ ಸಿಡಿದಂತೆ ಚಟಚಟ ಸದ್ದು. ವಿದ್ಯುತ್ತು ಕಡಮೆಯಾಯಿತೆಂದು ಬ್ಯಾಟರಿಯನ್ನು ಬದಲಾಯಿಸಿ ಬದಲಾಯಿಸಿ ಬೇಸತ್ತವರನ್ನು ಬಲ್ಲೆವು. ಹಸಿವಿನ ಲಕ್ಷಣ ಬೇರೆ, ನೆಗಡಿಯ ಲಕ್ಷಣ ಬೇರೆ. ಸದ್ದೇ ಇಲ್ಲದಿದ್ದರೆ, ಅಥವಾ ದನಿ ಸಣ್ಣದಾಗಿ ಒಡೆದಿದ್ದರೆ ಉಣಿಸನ್ನು ನೋಡಬೇಕು, ಚಟಚಟವೆಂದರೆ ತೇವವನ್ನು.

ಮದ್ದು ಸುಲಭ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಮೈಕನ್ನು ಇಡಬೇಕು. ನೀಲಿ ಹರಳು ತೇವ ಕುಡಿದು ನಸುಗೆಂಪಾದಾಗ ಅದನ್ನು ಬಿಸಿಮಾಡಿ ಮತ್ತೆ ಬಳಸಬಹುದು. ತಣ್ಣನೆಯ ಕೋಣೆಯಿಂದ ಬೆಚ್ಚಗಿನ ಕೋಣೆಗೆ ತಂದ ಮೈಕಿಗೆ ಅರ್ಧ ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಆಮೇಲೆ ವಿದ್ಯುತ್ತು ಕೊಡಿರಿ. ನಮ್ಮ ಮನೆಗಳಲ್ಲಿ ತೇವಕ್ಕೆ ಪರಿಹಾರವೆಂದರೆ ಒಲೆಯ ಮೇಲಿನ ಅಟ್ಟ. ಮೆಣಸು, ಏಲಕ್ಕಿ, ಒಣ ಮಾಂಸ ಎಲ್ಲಕ್ಕೂ ಅದೇ ಆಶ್ರಯ. ಗೃಹಿಣಿಯೊಬ್ಬರು ಸದ್ಭಾವದಿಂದಲೇ ಮೈಕನ್ನು ಅಲ್ಲಿಟ್ಟರು. ತೇವವೇನೋ ಹೋಯಿತು, ಹೊಗೆಯ ಮಸಿ ಪೊರೆಯನ್ನು ಸೇರಿ ಮೈಕಿನ ದನಿಯೂ ಹೋಯಿತು. ದುಡಿಯ ಚರ್ಮಕ್ಕೆ ಹಿತವಾದ ಬಿಸಿ ಇದಕ್ಕೆ ಹಿತವಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಹಾಡು ಹಿಡಿಯುವುದೂ ವ್ಯರ್ಥವೇ; ಕಂಡೆನ್ಸರ್ ಮೈಕು ಅಜ್ಜಿಯ ದನಿಗಿಂತ ಮಳೆಯ ದನಿಯನ್ನೇ ಶ್ರದ್ಧೆಯಿಂದ ಕೇಳುತ್ತದೆ. ಕೈಲುಮುಹೂರ್ತ ಕಳೆದು ಮಳೆ ಹಿಮ್ಮೆಟ್ಟಿದ ಮೇಲೆ ಹುತ್ತರಿಯವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ಅಷ್ಟು ಕಾಯಲು ಹಾಡುವವರ ವಯಸ್ಸು ಬಿಡದಿದ್ದರೆ, ನಾಚಿಕೆಪಡದೆ ಡೈನಾಮಿಕ್ ಮೈಕನ್ನೇ ಬಾಯಿಯ ಹತ್ತಿರ ಹಿಡಿದು ಕೆಲಸ ಮುಗಿಸಿರಿ.

ಹಿಡಿದ ದನಿಯನ್ನು ಒಂದೇ ಮನೆಯಲ್ಲಿ ಇಡಬೇಡಿರಿ. ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಮಗಳ ಬಳಿ ಇರಲಿ.

ಮೊದಲು ಹೇಳಿದ ಐನ್‌ಮನೆಗೆ ಕಳೆದ ಹುತ್ತರಿಯಲ್ಲಿ ಮತ್ತೆ ಹೋಗಿದ್ದೆವು. ಅಜ್ಜನವರ ಮೊಮ್ಮಗನು ಐದು ಬ್ಯಾಟರಿಯ ಡಬ್ಬಿಯೊಂದನ್ನು ತಾನೇ ಮಾಡಿಟ್ಟುಕೊಂಡಿದ್ದಾನೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಬ್ಯಾಟರಿ ಹಾಕಿದ ತಾರೀಖನ್ನು ಬರೆದ ಕಾಗದ. ಉಳಿದ ಮೂವರು ಹಾಡುಗಾರರು ನಮ್ಮ ಮೊಬೈಲಿನ ಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಮುಳುಗಿದ ಮಾತುಗಳಲ್ಲಿ ಕೆಲವನ್ನು ನೆನಪಿನಿಂದ ಎತ್ತಿದ್ದಾರೆ. ಎರಡು ಕಡೆ ಅವರಲ್ಲಿಯೇ ಒಮ್ಮತವಿಲ್ಲ. ಹುಡುಗನು ಎರಡು ಪಾಠಗಳನ್ನೂ ಬೇರೆ ಬೇರೆಯಾಗಿ ಹಿಡಿದನು. ನಡುವೆ ಕರೆಂಟು ಹೋಯಿತು. ಯಾರೂ ತಲೆಯೆತ್ತಿ ನೋಡಲಿಲ್ಲ.